ಕಾಳು ಒಂದು ದೇಶದ್ದು, ಗಾಣ ಇನ್ನೊಂದು ದೇಶದ್ದು

ಪ್ರತಿ ತಿಂಗಳ ನಡುವಿನಲ್ಲಿ ಅಮೆರಿಕದ ಎಣ್ಣೆಕಾಳು ಅರೆಯುವ ಕಂಪನಿಗಳ ಸಂಘ ಒಂದು ಅಂಕಿಯನ್ನು ಹೊರಬಿಡುತ್ತದೆ. ಹಿಂದಿನ ತಿಂಗಳು ಸದಸ್ಯರ ಮಿಲ್ಲುಗಳಲ್ಲಿ ಎಷ್ಟು ಬುಷೆಲ್ ಸೋಯಾ ಅರೆಯಲಾಯಿತು ಎಂಬ ಲೆಕ್ಕ ಅದು. ಸಂಘದ ಹೆಸರು ನೋಪಾ. ಅಮೆರಿಕದ ಸೋಯಾ ಅರೆತದ ಶೇ 95ಕ್ಕೂ ಹೆಚ್ಚು ಪಾಲು ಇದರ ಸದಸ್ಯರ ಮಿಲ್ಲುಗಳಲ್ಲೇ ನಡೆಯುವುದರಿಂದ ಈ ಅಂಕಿಗೆ ದೊಡ್ಡ ಬೆಲೆ. ಅದು ನಿರೀಕ್ಷೆಗಿಂತ ಹೆಚ್ಚೋ ಕಡಿಮೆಯೋ ಆದರೆ ಷಿಕಾಗೊ ವಾಯಿದಾ ಪೇಟೆಯಲ್ಲಿ ಸೋಯಾ ಕಾಳು, ಎಣ್ಣೆ, ಹಿಂಡಿ ಮೂರರ ದರವೂ ಏರಿಳಿಯುತ್ತದೆ. ಚೀನಾದ ಡಾಲಿಯನ್, ಬ್ರೆಜಿಲ್‌ನ ಬಂದರುಗಳು, ನಮ್ಮ ಇಂದೋರ್ ದಾಟಿ, ಕೊನೆಗೆ ಬೀದರ್‌ನ ಎಪಿಎಂಸಿಯಲ್ಲಿ ಸೋಯಾ ಮೂಟೆ ಇಳಿಸಿದ ರೈತನ ಕೈಗೆ ಸಿಗುವ ದರದಲ್ಲೂ ಅದರ ಪಾಲಿರುತ್ತದೆ.

ಯಾವ ದೇಶ ಎಷ್ಟು ಬೆಳೆಯಿತು ಎಂಬ ಲೆಕ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಿತ್ತನೆ, ಮಳೆ, ಇಳುವರಿ, ದಾಖಲೆ ಉತ್ಪಾದನೆ ಇವೆಲ್ಲ ಪತ್ರಿಕೆಯ ಮುಖಪುಟಕ್ಕೂ ಬರುವ ಸುದ್ದಿ. ಯಾವ ದೇಶ ಎಷ್ಟು ಅರೆಯಿತು ಎಂಬ ಲೆಕ್ಕ ಮಾತ್ರ ವಾಣಿಜ್ಯ ಪುಟದ ಮೂಲೆಯಲ್ಲೇ ಉಳಿದುಬಿಡುತ್ತದೆ. ಆದರೆ ಇಪ್ಪತ್ತೈದು ವರ್ಷಗಳ ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಯಾವ ಸರ್ಕಾರ ಯಾವ ಸುಂಕ ಹಾಕಿತು, ಯಾರ ಊಟದ ತಟ್ಟೆ ಹೇಗೆ ಬದಲಾಯಿತು, ಯಾವ ಊರಿನ ಮಿಲ್ಲಿಗೆ ಬೀಗ ಬಿತ್ತು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಬೆಳೆಯುವುದಕ್ಕೆ ನೆಲ, ಮಳೆ ಬೇಕು. ಅರೆಯುವುದು ಎಲ್ಲಿ ಎಂಬುದನ್ನು ಬಹುಪಾಲು ಮನುಷ್ಯರೇ ತೀರ್ಮಾನಿಸುತ್ತಾರೆ.

ಇದಕ್ಕೆ ಕಾರಣ ಕಾಳಿನ ಗುಣದಲ್ಲೇ ಇದೆ. ತಾಳೆ ಹಣ್ಣನ್ನು ಕೊಯ್ದ ಒಂದು ದಿನದೊಳಗೆ ಬೇಯಿಸಿ ಹಿಂಡದಿದ್ದರೆ ಎಣ್ಣೆಯಲ್ಲಿ ಆಮ್ಲ ಏರಿ ಕೆಡುತ್ತದೆ. ಹಾಗಾಗಿ ತಾಳೆ ಎಣ್ಣೆಯ ಗಿರಣಿಗಳು ಇಂಡೊನೇಷ್ಯಾ, ಮಲೇಷ್ಯಾದ ತೋಟಗಳ ಮಗ್ಗುಲಲ್ಲೇ ಇರಬೇಕು. ಸೋಯಾ, ಸಾಸಿವೆ, ಸೂರ್ಯಕಾಂತಿ ಹಾಗಲ್ಲ. ಚೆನ್ನಾಗಿ ಒಣಗಿಸಿದರೆ ತಿಂಗಳುಗಟ್ಟಲೆ ಉಗ್ರಾಣದಲ್ಲಿ ಉಳಿಯುತ್ತವೆ, ಹಡಗೇರಿ ಭೂಮಿಯ ಇನ್ನೊಂದು ತುದಿಗೆ ಹೋಗಿಯೂ ಕೆಡುವುದಿಲ್ಲ. ಹೀಗೆ ಸಾಗಿಸಲು ಬರುವ ಕಾಳನ್ನು ಬೆಳೆದ ದೇಶದಲ್ಲಿ ಅರೆಯಬೇಕೋ ಕೊಂಡ ದೇಶದಲ್ಲಿ ಅರೆಯಬೇಕೋ ಎಂಬುದೇ ದೇಶದೇಶಗಳ ನಡುವಿನ ಜಗ್ಗಾಟ. ಅರೆದವನಿಗೆ ಕೆಲಸ, ಕೂಲಿ, ವಿದ್ಯುತ್ ಬಳಕೆ, ಲಾರಿ ಬಾಡಿಗೆ, ತೆರಿಗೆ ಎಲ್ಲ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ ಹಿಂಡಿ ಸಿಗುತ್ತದೆ.

ಹಿಂಡಿಯ ಮಹತ್ವ ಗೊತ್ತಾಗದೆ ಈ ಅಂಕಿಗಳು ಅರ್ಥವಾಗುವುದಿಲ್ಲ. ಒಂದು ಬುಷೆಲ್ ಸೋಯಾ ಎಂದರೆ 27 ಕಿಲೊಗಿಂತ ತುಸು ಹೆಚ್ಚು. ಅದನ್ನು ಒಡೆದು, ಅವಲಕ್ಕಿಯಂತೆ ತೆಳ್ಳಗೆ ಒತ್ತಿ, ಹೆಕ್ಸೇನ್ ದ್ರಾವಕದಲ್ಲಿ ತೊಳೆದರೆ ಸಿಗುವ ಎಣ್ಣೆ ಸುಮಾರು 5 ಕಿಲೊ. ಹಿಂಡಿ 20 ಕಿಲೊಗೂ ಹೆಚ್ಚು. ಅಂದರೆ ಎಣ್ಣೆಕಾಳು ಎಂದು ಕರೆಸಿಕೊಳ್ಳುವ ಸೋಯಾದಲ್ಲಿ ಎಣ್ಣೆ ಐದನೇ ಒಂದು ಪಾಲಷ್ಟೆ. ಉಳಿದದ್ದೆಲ್ಲ ಕೋಳಿ, ಹಂದಿ, ಮೀನು, ಹಸುಗಳ ಪ್ರೋಟೀನು. ಸೂರ್ಯಕಾಂತಿ, ಸಾಸಿವೆ ಬಳಗದ ಕೆನೋಲಾಗಳಲ್ಲಿ ಎಣ್ಣೆ ಶೇ 40ಕ್ಕೂ ಮೇಲೆ. ಶೇಂಗಾ ಬೀಜದಲ್ಲಿ ಇನ್ನೂ ಹೆಚ್ಚು. ಹೀಗಿರುವಾಗ ಒಂದು ಕೋಟಿ ಟನ್ ಸೋಯಾ ಅರೆದ ದೇಶವನ್ನೂ ಒಂದು ಕೋಟಿ ಟನ್ ಕೆನೋಲಾ ಅರೆದ ದೇಶವನ್ನೂ ಸಮ ಎನ್ನಲು ಬರುವುದಿಲ್ಲ. ಎರಡನೆಯದರ ಎಣ್ಣೆ ಮೊದಲನೆಯದರ ಎರಡು ಪಟ್ಟಿಗೂ ಹೆಚ್ಚು.

ಹೋಲಿಕೆಗೆ ಇನ್ನೊಂದು ತೊಡಕು ಪಂಚಾಂಗದ್ದು. ಅಮೆರಿಕದ ಸೋಯಾ ವರ್ಷ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗೆ. ಚೀನಾ, ಭಾರತಗಳದು ಅಕ್ಟೋಬರ್‌ನಿಂದ ಸೆಪ್ಟೆಂಬರ್. ಭೂಮಧ್ಯರೇಖೆಯ ಕೆಳಗಿನ ಅರ್ಜೆಂಟೀನಾದಲ್ಲಿ ಕೊಯ್ಲು ನಡೆಯುವುದೇ ನಮ್ಮ ಯುಗಾದಿಯ ಹೊತ್ತಿಗೆ, ಅವರ ಲೆಕ್ಕ ಏಪ್ರಿಲ್‌ನಿಂದ ಶುರು. ಬ್ರೆಜಿಲ್‌ನ ಉದ್ದಿಮೆದಾರರ ಸಂಘ ಜನವರಿಯಿಂದ ಡಿಸೆಂಬರ್‌ವರೆಗೆ ಎಣಿಸುತ್ತದೆ. ಒಂದು ಬರಗಾಲ ಒಂದು ದೇಶದ ಪಟ್ಟಿಯಲ್ಲಿ ಈ ವರ್ಷ ಕಂಡರೆ ಇನ್ನೊಂದರಲ್ಲಿ ಮುಂದಿನ ವರ್ಷ ಕಾಣುತ್ತದೆ. ಹಾಗಾಗಿ ಒಂದೆರಡು ವರ್ಷದ ಏರಿಳಿತಕ್ಕಿಂತ ದಶಕಗಳ ದಿಕ್ಕನ್ನು ನೋಡುವುದೇ ಕ್ಷೇಮ.

ಆ ದಿಕ್ಕು ಹೀಗಿದೆ. 2000–01ರಲ್ಲಿ ಅಮೆರಿಕ ಸುಮಾರು 4.5 ಕೋಟಿ ಟನ್ ಸೋಯಾ ಅರೆದು ಎಲ್ಲರಿಗಿಂತ ಬಹಳ ಮುಂದಿತ್ತು. ಬ್ರೆಜಿಲ್‌ನದು 2.3 ಕೋಟಿ ಟನ್ನಿನ ಆಸುಪಾಸು, ಚೀನಾದ್ದು 1.9 ಕೋಟಿ, ಅರ್ಜೆಂಟೀನಾದ್ದು 1.7 ಕೋಟಿ. 2023–24ರ ಹೊತ್ತಿಗೆ ಚೀನಾ 10 ಕೋಟಿ ಟನ್ನಿನ ಹತ್ತಿರ ಬಂದು ನಿಂತಿತು. ಅಮೆರಿಕ 6.2 ಕೋಟಿ, ಬ್ರೆಜಿಲ್ 5.4 ಕೋಟಿ, ಅರ್ಜೆಂಟೀನಾ 3.6 ಕೋಟಿ ಟನ್ನಿನ ಸುಮಾರಿನಲ್ಲಿದ್ದವು. ಕಾಲು ಶತಮಾನದಲ್ಲಿ ಅಮೆರಿಕದ ಅರೆತ ಒಂದೂವರೆ ಪಟ್ಟೂ ಆಗಲಿಲ್ಲ. ಚೀನಾದ್ದು ಐದು ಪಟ್ಟಾಯಿತು. ಅದೂ ತನ್ನ ಹೊಲದಲ್ಲಿ ಬೆಳೆದ ಕಾಳಿನಿಂದಲ್ಲ.

ಸೋಯಾದ ತವರೇ ಚೀನಾ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಂಚೂರಿಯಾದ ಸೋಯಾ, ಎಣ್ಣೆ, ಹಿಂಡಿ ಡಾಲಿಯನ್ ಬಂದರಿನಿಂದ ಜಪಾನಿಗೂ ಯುರೋಪಿಗೂ ಹೋಗುತ್ತಿದ್ದವು. 1990ರ ದಶಕದ ಆರಂಭದವರೆಗೂ ಚೀನಾ ಸೋಯಾ ಮಾರುವ ದೇಶವೇ ಆಗಿತ್ತು. ಆ ದಶಕದ ನಡುವೆ ಪಥ ಬದಲಾಯಿತು. ಊರು ಬಿಟ್ಟು ನಗರ ಸೇರಿದ ಜನರ ಕೈಯಲ್ಲಿ ಹಣ ಓಡಾಡತೊಡಗಿತು, ಹಂದಿ ಮಾಂಸ ವಾರದ ಊಟದಿಂದ ದಿನದ ಊಟವಾಯಿತು. ಹಿತ್ತಿಲಲ್ಲಿ ಅಡುಗೆಮನೆಯ ಉಳಿಕೆ ತಿಂದು ಬೆಳೆಯುತ್ತಿದ್ದ ಹಂದಿಗಳ ಜಾಗದಲ್ಲಿ ಲೆಕ್ಕ ಹಾಕಿದ ಮೇವು ತಿನ್ನುವ ಹಂದಿ ಫಾರ್ಮುಗಳು ಎದ್ದವು. ಅವಕ್ಕೆ ಹಿಂಡಿ ಬೇಕಿತ್ತು. 1996ರಲ್ಲಿ ಸರ್ಕಾರ ಸೋಯಾ ಕಾಳಿನ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಿತು. 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಕಾಳಿಗೆ ಶೇ 3, ಹಿಂಡಿಗೆ ಶೇ 5, ಎಣ್ಣೆಗೆ ಶೇ 9 ಎಂಬ ಮೆಟ್ಟಿಲು ನೆಲೆಗೊಂಡಿತು. ಈ ಮೂರು ಸಂಖ್ಯೆಗಳೇ ಚೀನಾದ ಸಮುದ್ರದಂಡೆಯ ಉದ್ದಕ್ಕೂ ಮಿಲ್ಲುಗಳನ್ನು ಕಟ್ಟಿಸಿದವು. ಕಾಳು ತರಿಸುವುದು ಅಗ್ಗ, ಎಣ್ಣೆ ತರಿಸುವುದು ದುಬಾರಿ. ಹಾಗಾದ ಮೇಲೆ ಬಂದರಿನಲ್ಲೇ ಅರೆಯುವುದು ಲಾಭ.

ಆ ಹಾದಿ ಸುಗಮವಾಗಿರಲಿಲ್ಲ. 2004ರ ಆರಂಭದಲ್ಲಿ ಸೋಯಾ ದರ ಬುಷೆಲ್‌ಗೆ 10 ಡಾಲರ್ ದಾಟಿದಾಗ ಚೀನಾದ ಮಿಲ್ಲು ಮಾಲೀಕರು ಗಾಬರಿಯಿಂದ ಭಾರಿ ಪ್ರಮಾಣದಲ್ಲಿ ಖರೀದಿ ಒಪ್ಪಂದ ಮಾಡಿಕೊಂಡರು. ಹಡಗು ಬಂದು ಮುಟ್ಟುವಷ್ಟರಲ್ಲಿ ದರ ಕುಸಿದಿತ್ತು. ಅನೇಕರು ಒಪ್ಪಂದ ಮುರಿದರು, ಅನೇಕರು ದಿವಾಳಿಯಾದರು. ಮುಚ್ಚಿದ ಮಿಲ್ಲುಗಳ ಪಾಲು ಕೊಂಡವರಲ್ಲಿ ಎಡಿಎಂ, ಬಂಗೆ, ಕಾರ್ಗಿಲ್, ಸಿಂಗಪುರದ ವಿಲ್ಮರ್‌ನಂಥ ದೈತ್ಯ ಕಂಪನಿಗಳಿದ್ದವು. ದೇಶದೊಳಗೆ ಅರೆಯುವ ಪ್ರಮಾಣ ಏರುತ್ತಲೇ ಹೋದರೂ ಅರೆಯುವವರು ಯಾರು ಎಂಬುದು ಬದಲಾಗಿಹೋಯಿತು. ಟನ್ನುಗಳ ಪಟ್ಟಿಯಲ್ಲಿ ಈ ಬದಲಾವಣೆ ಎಲ್ಲೂ ಕಾಣುವುದಿಲ್ಲ. ಅಂಥ ಪಟ್ಟಿಗಳನ್ನು ಓದುವಾಗ ಇದು ನೆನಪಿರಬೇಕು.

2010ರ ಸುಮಾರಿಗೆ ಚೀನಾ ಅಮೆರಿಕವನ್ನು ಹಿಂದಿಕ್ಕಿತು. 2000ದಲ್ಲಿ ಸುಮಾರು 1 ಕೋಟಿ ಟನ್ ಇದ್ದ ಸೋಯಾ ಆಮದು 2020ರಲ್ಲಿ ಮೊದಲ ಬಾರಿಗೆ 10 ಕೋಟಿ ಟನ್ ದಾಟಿತು. ನಡುವೆ 2018 ಬಂತು. ಜುಲೈಯಲ್ಲಿ ಅಮೆರಿಕದ ಸೋಯಾ ಮೇಲೆ ಚೀನಾ ಶೇ 25ರ ಪ್ರತೀಕಾರ ಸುಂಕ ಹೇರಿತು. ಮರುತಿಂಗಳೇ ಆಫ್ರಿಕನ್ ಹಂದಿ ಜ್ವರ ಅಲ್ಲಿ ಕಾಣಿಸಿಕೊಂಡು ಕೋಟಿಗಟ್ಟಲೆ ಹಂದಿಗಳು ನಾಶವಾದವು. ತಿನ್ನುವ ಹಂದಿ ಇಲ್ಲದ ಮೇಲೆ ಹಿಂಡಿ ಯಾರಿಗೆ? ಅರೆತ ಇಳಿಯಿತು. ಹಂದಿಗಳು ಮರಳಿದಂತೆ ಅದೂ ಮರಳಿತು. ಈಗ ಚೀನಾದ ಚಿಂತೆ ಬೇರೆ: ಇಷ್ಟೊಂದು ಕಾಳಿಗೆ ಬ್ರೆಜಿಲ್, ಅಮೆರಿಕಗಳ ಮೇಲೆ ಅವಲಂಬಿಸಿರುವುದು ಅಪಾಯ ಎನ್ನುವುದು. 2022ರಲ್ಲಿ ಮೇವಿನಲ್ಲಿ ಶೇ 14.5ರಷ್ಟಿದ್ದ ಸೋಯಾ ಹಿಂಡಿಯನ್ನು 2025ಕ್ಕೆ ಶೇ 13ಕ್ಕಿಂತ ಕೆಳಗೆ ಇಳಿಸುವ ಯೋಜನೆಯನ್ನು ಅಲ್ಲಿನ ಕೃಷಿ ಸಚಿವಾಲಯ 2023ರಲ್ಲಿ ಪ್ರಕಟಿಸಿತು.

ಅಮೆರಿಕದ ಕಥೆ ಇಲಿನಾಯ್ ರಾಜ್ಯದ ಡಿಕೇಟರ್ ಪಟ್ಟಣದಿಂದ ಶುರುವಾಗುತ್ತದೆ. ಮೆಕ್ಕೆಜೋಳದ ಪಿಷ್ಟ ಮಾಡುತ್ತಿದ್ದ ಎ. ಇ. ಸ್ಟೇಲಿ 1922ರಲ್ಲಿ ಅಲ್ಲಿ ಸೋಯಾ ಅರೆಯಲು ತೊಡಗಿದ. ಅದುವರೆಗೆ ಅಲ್ಲಿನ ರೈತರಿಗೆ ಸೋಯಾ ಎಂದರೆ ಹೆಚ್ಚಾಗಿ ದನಗಳ ಹಸಿರು ಮೇವು. ಕೊಳ್ಳುವ ಮಿಲ್ಲು ಹತ್ತಿರದಲ್ಲೇ ಇದೆ ಎಂದಾದ ಮೇಲೆ ಕಾಳಿಗಾಗಿ ಬಿತ್ತುವವರು ಹೆಚ್ಚಾದರು. ಎರಡನೇ ಮಹಾಯುದ್ಧದಲ್ಲಿ ಏಷ್ಯಾದ ತೆಂಗು, ತಾಳೆ ಎಣ್ಣೆಯ ದಾರಿ ಮುಚ್ಚಿದಾಗ ಸೋಯಾ ಅಮೆರಿಕದ ಅಡುಗೆಮನೆಯನ್ನೂ ಹೊಕ್ಕಿತು. ಮಿಲ್ಲು ಮೊದಲು, ಬೆಳೆ ಆಮೇಲೆ ಎಂಬ ಈ ಅನುಕ್ರಮ ಬೇರೆ ದೇಶಗಳಲ್ಲೂ ಮತ್ತೆ ಮತ್ತೆ ಕಾಣುತ್ತದೆ.

1973ರ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರ ಸೋಯಾ ರಫ್ತನ್ನು ದಿಢೀರನೆ ತಡೆಯಿತು. ಹಿಂದಿನ ವರ್ಷ ಪೆರುವಿನ ಕಡಲಲ್ಲಿ ಆಂಚೊವಿ ಮೀನಿನ ಫಸಲು ಕುಸಿದು, ಮೀನಿನ ಪುಡಿ ಸಿಗದೆ ಜಗತ್ತಿನ ಮೇವು ಉದ್ದಿಮೆಯೆಲ್ಲ ಸೋಯಾ ಹಿಂಡಿಗೆ ಮುಗಿಬಿದ್ದಿತ್ತು. ದೇಶದೊಳಗೆ ದರ ಏರುವುದನ್ನು ತಡೆಯಲು ಕೈಗೊಂಡ ಕ್ರಮ ಅದು. ತಡೆ ಕೆಲವೇ ತಿಂಗಳು ಇದ್ದರೂ ಅದು ಬಿಟ್ಟ ಗುರುತು ಆಳವಾದದ್ದು. ಸೋಯಾ ಇಲ್ಲದೆ ಊಟವೇ ಇಲ್ಲದ ಜಪಾನ್ ಬೆಚ್ಚಿಬಿದ್ದು ಬೇರೆ ಮೂಲ ಹುಡುಕಿತು. ಬ್ರೆಜಿಲ್‌ನ ಸೆರಾಡೊ ಎಂಬ ಹುಲ್ಲುಗಾವಲಿನ ಸೀಮೆಯಲ್ಲಿ ಬೇಸಾಯ ಎಬ್ಬಿಸಲು 1970ರ ದಶಕದ ಕೊನೆಗೆ ಹಣ ಸುರಿಯಿತು. ಅಷ್ಟರಲ್ಲಿ ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಉಷ್ಣವಲಯದಲ್ಲೂ ಬೆಳೆಯುವ ಸೋಯಾ ತಳಿಗಳ ಕೆಲಸಕ್ಕೆ ಇಳಿದಿತ್ತು.

ಇಂದು ಬ್ರೆಜಿಲ್ ಜಗತ್ತಿನಲ್ಲೇ ಅತಿ ಹೆಚ್ಚು ಸೋಯಾ ಬೆಳೆಯುವ ದೇಶ; ವರ್ಷಕ್ಕೆ 15 ಕೋಟಿ ಟನ್ನಿಗೂ ಮೇಲೆ. ಅರೆಯುವುದು ಮಾತ್ರ ಅದರ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಬಹುಪಾಲು ಕಾಳಾಗಿಯೇ ಚೀನಾದ ಹಡಗೇರುತ್ತದೆ. ಇದರ ಹಿಂದೆಯೂ ಒಂದು ಕಾನೂನಿದೆ. 1996ರ ಕಾಂದಿರ್ ಕಾಯ್ದೆ ಕಚ್ಚಾ ಸರಕಿನ ರಫ್ತಿಗೆ ರಾಜ್ಯಗಳ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಕಾಳನ್ನು ಹಾಗೇ ಕಳಿಸುವುದು ಸುಲಭವಾಯಿತು, ಅರೆದು ಕಳಿಸುವವರಿಗಿದ್ದ ಅನುಕೂಲ ಹೋಯಿತು. ಬಿತ್ತಿದ ರೈತರಿಗೆ ಅದರಿಂದ ಒಳ್ಳೆಯ ದರ ಸಿಕ್ಕಿದ್ದು ನಿಜ. ಆದರೆ ಆ ಕಾಳು ಅರೆಯುವ ಕೆಲಸ ಚೀನಾದ ಬಂದರುಗಳ ಪಾಲಾಯಿತು.

ಪಕ್ಕದ ಅರ್ಜೆಂಟೀನಾ ಇದಕ್ಕೆ ನೇರ ವಿರುದ್ಧದ ದಾರಿ ಹಿಡಿಯಿತು. ಕಾಳಿನ ರಫ್ತಿಗೆ ಹೆಚ್ಚು ತೆರಿಗೆ, ಎಣ್ಣೆ–ಹಿಂಡಿಯ ರಫ್ತಿಗೆ ಕಡಿಮೆ ತೆರಿಗೆ. 2007ರ ಕೊನೆಗೆ ಕಾಳಿಗೆ ಶೇ 35, ಎಣ್ಣೆ ಮತ್ತು ಹಿಂಡಿಗೆ ಶೇ 32 ಇತ್ತು. ಕೇವಲ ಮೂರು ಶೇಕಡಾ ಅಂಶಗಳ ಅಂತರ. ಆದರೆ ಕಾಳು ಅರೆಯುವುದು ತೀರಾ ತೆಳ್ಳನೆಯ ಲಾಭದ ದಂಧೆ, ಅಲ್ಲಿ ಮೂರು ಅಂಶ ಎಂದರೆ ಮಿಲ್ಲು ಕಟ್ಟಲು ಸಾಕಾಗುವಷ್ಟು. ರೊಸಾರಿಯೊ ನಗರದ ಮೇಲೆ ಕೆಳಗೆ, ಪರಾನಾ ನದಿಯ ದಂಡೆಯಲ್ಲಿ, ಸಾನ್ ಲೊರೆಂಜೊ, ಟಿಂಬೂಸ್‌ನಂಥ ಪುಟ್ಟ ಊರುಗಳಲ್ಲಿ ಜಗತ್ತಿನ ಅತಿ ದೊಡ್ಡ ಮಿಲ್ಲುಗಳು ಸಾಲಾಗಿ ಎದ್ದವು. ಹೊಲದಿಂದ ಬಂದ ಲಾರಿ ಮಿಲ್ಲಿನ ಒಂದು ಬಾಗಿಲಲ್ಲಿ ಕಾಳು ಇಳಿಸಿದರೆ, ನದಿಯ ಕಡೆಯ ಬಾಗಿಲಲ್ಲಿ ಹಡಗು ಎಣ್ಣೆ ತುಂಬಿಕೊಳ್ಳುತ್ತದೆ. 2000ರ ದಶಕದ ನಡುವೆ ಅರ್ಜೆಂಟೀನಾ ಅರೆತದಲ್ಲಿ ಬ್ರೆಜಿಲನ್ನು ದಾಟಿತು, 2015–16ರಲ್ಲಿ 4.3 ಕೋಟಿ ಟನ್ ಮುಟ್ಟಿತು. ಸೋಯಾ ಹಿಂಡಿ, ಸೋಯಾ ಎಣ್ಣೆ ಎರಡರ ರಫ್ತಿನಲ್ಲೂ ಮೊದಲ ಸ್ಥಾನ ಅದರದ್ದಾಯಿತು.

2018ರಲ್ಲಿ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿದ ಅರ್ಜೆಂಟೀನಾದ ಅಧ್ಯಕ್ಷ ಮಾಕ್ರಿ ಸರ್ಕಾರ ಆ ಅಂತರವನ್ನೇ ಅಳಿಸಿ ಕಾಳಿಗೂ ಎಣ್ಣೆಗೂ ಒಂದೇ ತೆರಿಗೆ ಎಂದಿತು. ಅದೇ ವರ್ಷ ಬರ. ಮರುವರ್ಷದ ಡಿಸೆಂಬರ್‌ನಲ್ಲಿ ದೇಶದ ದೊಡ್ಡ ಅರೆತ ಕಂಪನಿಗಳಲ್ಲೊಂದಾದ ವಿಸೆಂಟಿನ್ ಸಾಲ ತೀರಿಸಲಾಗದೆ ಕೈಚೆಲ್ಲಿತು. ಅಂತರ ಮುಂದೆ ಮರಳಿ ಬಂತು, ಶೇ 33 ಮತ್ತು ಶೇ 31ರ ರೂಪದಲ್ಲಿ. ಆದರೆ 2023ರ ಬರದಲ್ಲಿ ಬೆಳೆ 2.5 ಕೋಟಿ ಟನ್ನಿಗೆ ಕುಸಿದಾಗ ಮಿಲ್ಲುಗಳು ಪರಗ್ವೆ, ಬ್ರೆಜಿಲ್‌ಗಳಿಂದ 90 ಲಕ್ಷ ಟನ್ನಿನಷ್ಟು ಕಾಳು ತರಿಸಿಕೊಂಡೂ ಅರ್ಧ ಖಾಲಿ ಓಡಬೇಕಾಯಿತು. ಹಿಂಡಿ ರಫ್ತಿನ ಮೊದಲ ಸ್ಥಾನ ಆ ವರ್ಷ ಬ್ರೆಜಿಲ್ ಪಾಲಾಯಿತು. ತೆರಿಗೆ ಮಿಲ್ಲು ಕಟ್ಟಿಸಬಲ್ಲದು, ಮಳೆ ತರಿಸಲಾರದು.

ಉಕ್ರೇನ್‌ನ ಸೂರ್ಯಕಾಂತಿಯ ಕಥೆಯೂ ಇದೇ ಅಚ್ಚಿನದು. 1999ರಲ್ಲಿ ಅದು ಸೂರ್ಯಕಾಂತಿ ಬೀಜದ ರಫ್ತಿಗೆ ಶೇ 23 ತೆರಿಗೆ ಹಾಕಿತು. ಆಮೇಲೆ ಅದು ಶೇ 17ಕ್ಕೆ, ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಬಳಿಕ ಹಂತಹಂತವಾಗಿ ಶೇ 10ಕ್ಕೆ ಇಳಿಯಿತು. ಬೀಜ ಹೊರಗೆ ಹೋಗುವುದು ನಿಂತು ಮಿಲ್ಲುಗಳು ಬೆಳೆದವು, ಜಗತ್ತಿನ ಸೂರ್ಯಕಾಂತಿ ಎಣ್ಣೆ ರಫ್ತಿನ ಅರ್ಧದಷ್ಟು ಉಕ್ರೇನ್‌ನದಾಯಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ದಾಳಿ ಮಾಡಿ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದಾಗ ಮಿಲ್ಲುಗಳೂ ನಿಂತವು, ಅರೆಯದ ಬೀಜ ರೈಲು, ಲಾರಿಗಳಲ್ಲಿ ಬಲ್ಗೇರಿಯಾ, ರೊಮೇನಿಯಾಗಳತ್ತ ಹರಿಯಿತು. ಅದೇ ವರ್ಷದ ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ಕೂಡ ತಾಳೆ ಎಣ್ಣೆ ರಫ್ತನ್ನು ಮೂರು ವಾರಗಳ ಮಟ್ಟಿಗೆ ತಡೆಯಿತು. ಬೆಂಗಳೂರಿನ ಕಿರಾಣಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ಲೀಟರಿಗೆ 200 ರೂಪಾಯಿಯ ಆಸುಪಾಸಿಗೆ ಏರಿದ್ದು ಆಗಲೇ.

ಭಾರತದ ಲೆಕ್ಕಕ್ಕೆ ಬರುವ ಹೊತ್ತಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಮೊದಲ ಮಹಾಯುದ್ಧಕ್ಕೆ ಮುಂಚೆ ಈ ದೇಶ ಎಣ್ಣೆಕಾಳಿನ ದೊಡ್ಡ ರಫ್ತುದಾರ. ಮದ್ರಾಸು, ಪುದುಚೇರಿಗಳಿಂದ ಶೇಂಗಾ ಫ್ರಾನ್ಸಿನ ಮಾರ್ಸೇಗೆ ಹೋಗಿ ಅಲ್ಲಿನ ಗಿರಣಿಗಳಲ್ಲಿ ಎಣ್ಣೆಯಾಗುತ್ತಿತ್ತು, ಸಾಬೂನಾಗುತ್ತಿತ್ತು. ಅಗಸೆ ಬೀಜ ಇಂಗ್ಲೆಂಡಿನ ಹಲ್ ಬಂದರಿಗೆ ಹೋಗುತ್ತಿತ್ತು. ಕಾಳು ಇಲ್ಲಿಯದು, ಗಾಣ ಅಲ್ಲಿಯದು. ಸ್ವಾತಂತ್ರ್ಯಾನಂತರ ಅದು ತಿರುಗಿತು. ಗುಜರಾತಿನ ಶೇಂಗಾ ಸೀಮೆಯಲ್ಲಿ, ರಾಜಸ್ಥಾನದ ಸಾಸಿವೆ ಸೀಮೆಯಲ್ಲಿ, ನಮ್ಮ ಚಿತ್ರದುರ್ಗ, ರಾಯಚೂರುಗಳಲ್ಲಿ ಮಿಲ್ಲುಗಳು ಎದ್ದವು. ಚಳ್ಳಕೆರೆಗೆ ತೈಲನಗರಿ ಎಂಬ ಹೆಸರು ಬಂದದ್ದು ಸುತ್ತಲಿನ ಶೇಂಗಾ ಹೊಲಗಳಿಂದ. 1960ರ ದಶಕದಲ್ಲಿ ಜಬಲ್ಪುರ, ಪಂತನಗರಗಳ ಕೃಷಿ ವಿಶ್ವವಿದ್ಯಾಲಯಗಳು ಇಲಿನಾಯ್ ವಿಶ್ವವಿದ್ಯಾಲಯದ ಜೊತೆಗೂಡಿ ಸೋಯಾ ಪ್ರಯೋಗ ನಡೆಸಿದವು. ಮುಂಗಾರಿನಲ್ಲಿ ಪಾಳು ಬೀಳುತ್ತಿದ್ದ ಮಧ್ಯಪ್ರದೇಶದ ಕಪ್ಪು ನೆಲಕ್ಕೆ ಅದು ಒಗ್ಗಿತು, ಇಂದೋರ್ ಸೋಯಾ ಉದ್ದಿಮೆಯ ಕೇಂದ್ರವಾಯಿತು.

1986ರಲ್ಲಿ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಬಂತು. ಬೀಜ, ಬೆಂಬಲ ಬೆಲೆ, ಸಂಗ್ರಹ, ಆಮದಿನ ಮೇಲೆ ಹಿಡಿತ ಎಲ್ಲವನ್ನೂ ಒಟ್ಟಿಗೆ ಹಿಡಿದ ಯೋಜನೆ ಅದು. ವರ್ಗೀಸ್ ಕುರಿಯನ್ ಹಾಲಿನ ಸಹಕಾರ ಮಾದರಿಯನ್ನು ಎಣ್ಣೆಗೂ ತಂದು, ‘ಧಾರಾ’ ಎಂಬ ಹೆಸರಲ್ಲಿ ಪ್ಯಾಕೆಟ್ ಎಣ್ಣೆ ಮಾರುಕಟ್ಟೆಗೆ ಬಿಟ್ಟದ್ದು ಇದೇ ಕಾಲದಲ್ಲಿ. ಕರ್ನಾಟಕದ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳವೂ ಆ ದಶಕದ ಕೂಸೇ. 1985–86ರಲ್ಲಿ 1.1 ಕೋಟಿ ಟನ್ನಿನಷ್ಟಿದ್ದ ದೇಶದ ಎಣ್ಣೆಕಾಳು ಉತ್ಪಾದನೆ 1993–94ಕ್ಕೆ 2.1 ಕೋಟಿ ದಾಟಿತು. ಅಡುಗೆ ಎಣ್ಣೆಯಲ್ಲಿ ದೇಶ ಬಹುತೇಕ ಸ್ವಾವಲಂಬಿಯಾಯಿತು. ಒಂದು ಪೀಳಿಗೆಯ ರೈತರೂ ಅಧಿಕಾರಿಗಳೂ ಸೇರಿ ಏಳೆಂಟು ವರ್ಷದಲ್ಲಿ ಮಾಡಿ ತೋರಿಸಿದ ಕೆಲಸ ಅದು. ಅದನ್ನು ಉಳಿಸಿಕೊಳ್ಳದೇ ಹೋದದ್ದು ದೊಡ್ಡ ನಷ್ಟ.

1994ರಿಂದ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು, ಮುಂದೆ ಉಳಿದ ಎಣ್ಣೆಗಳಿಗೂ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ತಾಳೆ ಎಣ್ಣೆಗೆ ಶೇ 300ರವರೆಗೆ ಸುಂಕ ಹಾಕುವ ಹಕ್ಕು ಉಳಿಸಿಕೊಂಡ ಭಾರತ, ಸೋಯಾ ಎಣ್ಣೆಗೆ ಮಾತ್ರ ಶೇ 45ರ ಮಿತಿಗೆ ಒಪ್ಪಿಕೊಂಡಿತು. ಆ ಹಕ್ಕು ಇದ್ದೂ ಬಳಸಿದ್ದು ಕಡಿಮೆ. ಬೆಲೆ ಏರಿದಾಗಲೆಲ್ಲ ಸುಂಕ ಇಳಿಯಿತು. 2008ರ ಏಪ್ರಿಲ್‌ನಲ್ಲಿ ಕಚ್ಚಾ ಎಣ್ಣೆಗಳ ಸುಂಕ ಸೊನ್ನೆಗೇ ಬಂತು.

ಇದರ ಪೆಟ್ಟು ಎಲ್ಲಿ ಬಿತ್ತು ಎಂಬುದಕ್ಕೆ ಕರ್ನಾಟಕದ ಸೂರ್ಯಕಾಂತಿಗಿಂತ ಸ್ಪಷ್ಟ ಸಾಕ್ಷಿ ಬೇಡ. 2005–06ರಲ್ಲಿ ದೇಶದಲ್ಲಿ 23 ಲಕ್ಷ ಹೆಕ್ಟೇರ್‌ನಷ್ಟು ಸೂರ್ಯಕಾಂತಿ ಇತ್ತು, ಅದರಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದ್ದು. ಈಗ ದೇಶವೆಲ್ಲ ಸೇರಿ ಉಳಿದಿರುವುದು ಅದರ ಹತ್ತನೇ ಒಂದು ಪಾಲಿನಷ್ಟು. ಆಮದೊಂದೇ ಕಾರಣವಲ್ಲ. 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಂಡ ನೆಕ್ರೋಸಿಸ್ ನಂಜುರೋಗ ಬೆಳೆಯನ್ನು ಕಂಗೆಡಿಸಿತು, ಗಿಳಿಗಳ ಕಾಟ ಇದ್ದೇ ಇತ್ತು, ಮೆಕ್ಕೆಜೋಳ, ಹತ್ತಿಗಳು ಹೆಚ್ಚು ಹಣ ತಂದವು. ಆದರೆ ರೋಗಕ್ಕೆ ಮದ್ದು, ಹೊಸ ಹೈಬ್ರಿಡ್ ಹುಡುಕುವಷ್ಟು ಆಸಕ್ತಿ ಉಳಿಯಬೇಕಾದರೆ ಬೆಳೆಗೆ ಬೆಲೆ ಇರಬೇಕಿತ್ತು. ಕಾಳು ಬರುವುದು ನಿಂತ ಮೇಲೆ ಮಿಲ್ಲು ನಿಲ್ಲುತ್ತದೆ. ಮಿಲ್ಲು ನಿಂತ ಮೇಲೆ, ಮತ್ತೆ ಬಿತ್ತೋಣ ಎಂದುಕೊಂಡ ರೈತನಿಗೆ ಕೊಳ್ಳುವವರು ಸಿಗುವುದಿಲ್ಲ. ಡಿಕೇಟರ್‌ನಲ್ಲಿ ನಡೆದದ್ದರ ಉಲ್ಟಾ ಇದು.

ಇಂದಿನ ಅಂಕಿ ನೋಡಿದರೆ, ಭಾರತದ ಸೋಯಾ ಅರೆತ ವರ್ಷಕ್ಕೆ 1 ಕೋಟಿಯಿಂದ 1.2 ಕೋಟಿ ಟನ್. ಶತಮಾನದ ಆರಂಭದಲ್ಲಿ 50 ಲಕ್ಷ ಟನ್ನಿನ ಸುಮಾರು ಇತ್ತು. ಎರಡು ಪಟ್ಟಾಗಿದೆ ಎಂದು ಸಮಾಧಾನಪಡಬಹುದಿತ್ತು, ಆಮದಿನ ಅಂಕಿ ಪಕ್ಕದಲ್ಲಿ ಇಲ್ಲದಿದ್ದರೆ. 2023–24ರ ಎಣ್ಣೆ ವರ್ಷದಲ್ಲಿ ಭಾರತ ತರಿಸಿದ ಅಡುಗೆ ಎಣ್ಣೆ ಸುಮಾರು 160 ಲಕ್ಷ ಟನ್. ಅದರಲ್ಲಿ ತಾಳೆ ಎಣ್ಣೆ 90 ಲಕ್ಷ ಟನ್. ಇದು ಕಾಳು ಅರೆಯುವ ಲೆಕ್ಕಕ್ಕೇ ಬರುವುದಿಲ್ಲ. ಸೋಯಾ ಎಣ್ಣೆ 34 ಲಕ್ಷ ಟನ್, ಸೂರ್ಯಕಾಂತಿ 35 ಲಕ್ಷ ಟನ್ ಆಸುಪಾಸು. 34 ಲಕ್ಷ ಟನ್ ಸೋಯಾ ಎಣ್ಣೆ ಬರಬೇಕಾದರೆ ಎಲ್ಲೋ ಒಂದು ಕಡೆ ಸುಮಾರು 1.8 ಕೋಟಿ ಟನ್ ಕಾಳು ಅರೆದಿರಬೇಕು. ಭಾರತ ತಾನೇ ಅರೆಯುವ ಸೋಯಾದ ಒಂದೂವರೆ ಪಟ್ಟು ಅದು. ಅದರಲ್ಲಿ ಬಹುಪಾಲು ನಡೆದದ್ದು ಪರಾನಾ ನದಿಯ ದಂಡೆಯಲ್ಲಿ, ಬ್ರೆಜಿಲ್‌ನ ಮಿಲ್ಲುಗಳಲ್ಲಿ. ಅರ್ಜೆಂಟೀನಾದ ಸೋಯಾ ಎಣ್ಣೆಗೆ ಜಗತ್ತಿನಲ್ಲೇ ದೊಡ್ಡ ಗಿರಾಕಿ ಭಾರತ. ಆ ಅರೆತ ಅರ್ಜೆಂಟೀನಾದ ಖಾತೆಯಲ್ಲಿ ದಾಖಲಾಗಿದೆ, ಉಂಡವರು ನಾವು.

ಇಲ್ಲಿ ಚೀನಾ ಮತ್ತು ಭಾರತವನ್ನು ಅಕ್ಕಪಕ್ಕ ಇಡಬೇಕು. ಎರಡೂ 140 ಕೋಟಿ ಜನರ ದೇಶಗಳು, ಎರಡಕ್ಕೂ ಮನೆಯ ಕಾಳು ಸಾಲದು. ಚೀನಾ ಕಾಳು ತರಿಸಿಕೊಂಡು ಅರೆಯುತ್ತದೆ, ಏಕೆಂದರೆ ಅದಕ್ಕೆ ಬೇಕಿದ್ದದ್ದು ಹಿಂಡಿ. ಎಣ್ಣೆ ಜೊತೆಗೆ ಬಂತು. ಭಾರತ ಎಣ್ಣೆಯನ್ನೇ ತರಿಸುತ್ತದೆ, ಏಕೆಂದರೆ ಇಲ್ಲಿ ಬಹುಕಾಲ ಹಿಂಡಿ ಬೇಡಿಕೆಗಿಂತ ಹೆಚ್ಚೇ ಇತ್ತು, ಅದನ್ನು ರಫ್ತು ಮಾಡಿ ಡಾಲರ್ ಗಳಿಸುತ್ತಿದ್ದೆವು. ಕುಲಾಂತರಿ ಅಲ್ಲದ ಹಿಂಡಿ ಎಂಬ ಹೆಸರಿಗೆ ಹೊರಗೆ ಗಿರಾಕಿಗಳೂ ಇದ್ದರು. ಹೊರಗಿನ ಕುಲಾಂತರಿ ಸೋಯಾ ಕಾಳನ್ನು ತಂದು ಅರೆಯಲು ಇಲ್ಲಿ ದಾರಿಯಿಲ್ಲ; ಅದರಿಂದ ತೆಗೆದ ಎಣ್ಣೆಗೆ ಮಾತ್ರ ದಾರಿ ತೆರೆದಿದೆ. ಹೀಗೆ ನೋಡಿದರೆ ಭಾರತದ ಆಯ್ಕೆಗೆ ಒಂದು ತರ್ಕವಿತ್ತು ಎಂದು ಒಪ್ಪಬೇಕು. ಆದರೆ ಆ ತರ್ಕ ಹಳೆಯದಾಗುತ್ತಿದೆ. ಕೋಳಿ, ಮೀನು ಸಾಕಣೆ ಇಲ್ಲೂ ವೇಗವಾಗಿ ಬೆಳೆದಿದೆ. 2021ರಲ್ಲಿ ಹಿಂಡಿಯ ದರ ಏರಿ ಕೋಳಿ ಫಾರ್ಮಿನವರು ಕಂಗಾಲಾದಾಗ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ತರಿಸಲು ಅನುಮತಿ ಕೊಡಬೇಕಾಯಿತು.

ಮೂರೇ ವರ್ಷದಲ್ಲಿ ಚಿತ್ರ ಮತ್ತೆ ತಲೆಕೆಳಗಾಯಿತು. ಪೆಟ್ರೋಲಿಗೆ ಬೆರೆಸಲು ಮೆಕ್ಕೆಜೋಳದಿಂದ ಎಥನಾಲ್ ತೆಗೆಯುವ ಘಟಕಗಳು ಹೆಚ್ಚಿ, ಅಲ್ಲಿ ಉಳಿಯುವ ಪ್ರೋಟೀನು ತುಂಬಿದ ಚರಟ ಅಗ್ಗದ ಮೇವಾಗಿ ಪೇಟೆಗೆ ಬಂತು. ಸೋಯಾ ಹಿಂಡಿಯ ದರ ಬಿತ್ತು, ಅದರ ಜೊತೆ ಕಾಳಿನದೂ. 2024ರ ಕೊಯ್ಲಿನಲ್ಲಿ ಕ್ವಿಂಟಲ್‌ಗೆ 4,892 ರೂಪಾಯಿ ಬೆಂಬಲ ಬೆಲೆ ಇದ್ದರೂ ಮುಕ್ತ ಪೇಟೆಯಲ್ಲಿ ಅದಕ್ಕಿಂತ ಕೆಳಗೇ ವ್ಯಾಪಾರ ನಡೆಯಿತು. ಸೋಯಾವನ್ನು ಬರೀ ಎಣ್ಣೆಕಾಳು ಎಂದು ನೋಡುವವರಿಗೆ ಇದು ಬಿಡಿಸಲಾಗದ ಒಗಟು: ಎಣ್ಣೆ ದುಬಾರಿಯಿರುವಾಗ ಕಾಳು ಅಗ್ಗವಾದದ್ದು ಹೇಗೆ? ಕಾಳಿನ ಐದರಲ್ಲಿ ನಾಲ್ಕು ಪಾಲು ಹಿಂಡಿ ಎಂದು ಗೊತ್ತಿದ್ದವರಿಗೆ ಉತ್ತರವೂ ಗೊತ್ತು.

ಬೇರೆ ಕಡೆ ಇದಕ್ಕೆ ಎದುರಾದ ಗಾಳಿ ಬೀಸುತ್ತಿದೆ. ಅಮೆರಿಕದಲ್ಲಿ ಈಗ ಹೊಸ ಮಿಲ್ಲುಗಳು ಏಳುತ್ತಿರುವುದು ಹಿಂಡಿಗಾಗಿ ಅಲ್ಲ, ಎಣ್ಣೆಗಾಗಿ. ಅದೂ ಬಾಣಲೆಗಲ್ಲ, ಲಾರಿಯ ಟ್ಯಾಂಕಿಗೆ. ಕ್ಯಾಲಿಫೋರ್ನಿಯಾದ ಇಂಧನ ನಿಯಮಗಳಿಂದಾಗಿ ಸಸ್ಯಜನ್ಯ ಡೀಸೆಲ್‌ಗೆ ಬೇಡಿಕೆ ಏರಿ, ಅಲ್ಲಿನ ಸೋಯಾ ಎಣ್ಣೆಯ ಅರ್ಧಕ್ಕೆ ಹತ್ತಿರ ಇಂಧನವಾಗುತ್ತಿದೆ. 2023ರಲ್ಲಿ ಉತ್ತರ ಡಕೋಟದ ಸ್ಪಿರಿಟ್‌ವುಡ್‌ನಲ್ಲಿ ಎಡಿಎಂ ಮತ್ತು ಮ್ಯಾರಥಾನ್ ತೈಲ ಕಂಪನಿ ಜೊತೆಗೂಡಿ ತೆರೆದ ಮಿಲ್ಲು ಇದರ ಗುರುತು. ಬ್ರೆಜಿಲ್ ತನ್ನ ಡೀಸೆಲ್‌ನಲ್ಲಿ ಜೈವಿಕ ಡೀಸೆಲ್ ಪಾಲನ್ನು 2023ರಲ್ಲಿ ಶೇ 12, 2024ರಲ್ಲಿ ಶೇ 14, 2025ರ ಆಗಸ್ಟ್‌ನಲ್ಲಿ ಶೇ 15ಕ್ಕೆ ಏರಿಸಿತು. ಕಾಳಾಗಿಯೇ ಹಡಗೇರುತ್ತಿದ್ದ ಸೋಯಾವನ್ನು ಒಳಗೇ ಅರೆಯಲು ಅಲ್ಲೊಂದು ಕಾರಣ ಸಿಕ್ಕಿದೆ. ಕೆನಡಾದ ಕೆನೋಲಾ ಅರೆತವೂ 2000ದ ಸುಮಾರಿನ 30 ಲಕ್ಷ ಟನ್ನಿನಿಂದ 2023–24ರಲ್ಲಿ 1.1 ಕೋಟಿ ಟನ್ನಿಗೆ ಏರಿದೆ. ಎಣ್ಣೆ ಇಂಧನಕ್ಕೆ ಹೋದಷ್ಟೂ ಭಾರತದಂಥ ಕೊಳ್ಳುವ ದೇಶಕ್ಕೆ ಅದು ದುಬಾರಿಯಾಗುತ್ತದೆ. ಹಿಂಡಿ ಮಾತ್ರ ಜಗತ್ತಿನ ತುಂಬ ರಾಶಿ ಬೀಳುತ್ತದೆ.

ಭಾರತದ ಅಂಕಿಗಳಲ್ಲಿ ಇನ್ನೊಂದು ಕೊರತೆಯಿದೆ. ಅಮೆರಿಕದ ನೋಪಾದಂತೆ ತಿಂಗಳ ತಿಂಗಳ ನಿಖರ ಲೆಕ್ಕ ಇಲ್ಲಿ ಕಷ್ಟ. 2023–24ರಲ್ಲಿ ಸೋಯಾ ಬೆಳೆ 130 ಲಕ್ಷ ಟನ್ ಎಂದು ಕೇಂದ್ರ ಸರ್ಕಾರ ಹೇಳಿದರೆ, ಇಂದೋರ್‌ನ ಸೋಯಾ ಉದ್ದಿಮೆದಾರರ ಸಂಘದ ಅಂದಾಜು ಅದಕ್ಕಿಂತ 10 ಲಕ್ಷ ಟನ್ನಿನಷ್ಟು ಕಡಿಮೆ. ಸಾಸಿವೆ, ಶೇಂಗಾಗಳಲ್ಲಿ ಲೆಕ್ಕ ಇನ್ನೂ ಜಾರುತ್ತದೆ. ಸಾವಿರಾರು ಸಣ್ಣ ಎಕ್ಸ್‌ಪೆಲ್ಲರ್ ಮಿಲ್ಲುಗಳು, ಉತ್ತರದ ಕಚ್ಚಿ ಘಾನಿಗಳು, ಈಚೆಗೆ ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ಮತ್ತೆ ಕಾಣಿಸಿಕೊಂಡ ಮರದ ಗಾಣಗಳು ಎಷ್ಟು ಅರೆಯುತ್ತವೆ ಎಂದು ಬರೆದಿಡುವವರಿಲ್ಲ. ಎಣಿಕೆಗೆ ಬರದ ಮಿಲ್ಲಿಗಾಗಿ ನೀತಿ ರೂಪಿಸುವುದೂ ಕಷ್ಟ.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 10,103 ಕೋಟಿ ರೂಪಾಯಿಯ ಎಣ್ಣೆಕಾಳು ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2022–23ರ 390 ಲಕ್ಷ ಟನ್ನಿನ ಉತ್ಪಾದನೆಯನ್ನು 2030–31ಕ್ಕೆ 697 ಲಕ್ಷ ಟನ್ನಿಗೆ ಏರಿಸುವ ಗುರಿ ಅದರದು. ಅದಕ್ಕೆ ಮೂರು ವಾರ ಮುಂಚೆ ಕಚ್ಚಾ ಎಣ್ಣೆಯ ಒಟ್ಟು ಸುಂಕ ಶೇ 5.5ರಿಂದ ಶೇ 27.5ಕ್ಕೆ ಏರಿತ್ತು, 2025ರ ಮೇ ಕೊನೆಗೆ ಅದು ಶೇ 16.5ಕ್ಕೆ ಇಳಿಯಿತು. ಸಂಸ್ಕರಿಸಿದ ಎಣ್ಣೆಯ ಸುಂಕ ಶೇ 35.75ರಲ್ಲೇ ನಿಂತಿತು. ಈ ಅಂತರದಿಂದ ಬಂದರು ಪಕ್ಕದ ರಿಫೈನರಿಗಳಿಗೆ ಕೆಲಸ ಸಿಗುತ್ತದೆ. ಹೊರಗೆ ಅರೆದ ಎಣ್ಣೆಯನ್ನು ಇಲ್ಲಿ ಶುದ್ಧಗೊಳಿಸುವ ಕೆಲಸ. ಕಾಳು ಅರೆಯುವ ಮಿಲ್ಲಿಗೆ ಅದರಿಂದ ಬರುವುದೇನಿಲ್ಲ. ಮಿಷನ್ ಹೇಳುವಂತೆ ಇನ್ನೂ 300 ಲಕ್ಷ ಟನ್ ಕಾಳು ಬೆಳೆದದ್ದೇ ಆದರೆ ಅದನ್ನು ಕೊಳ್ಳಬೇಕಾದವರು ಈ ಮಿಲ್ಲಿನವರೇ. ಬಿತ್ತನೆಯ ಹೊತ್ತಿನಲ್ಲಿ ಒಂದು ಸುಂಕ, ಕೊಯ್ಲಿನ ಹೊತ್ತಿನಲ್ಲಿ ಇನ್ನೊಂದು ಎಂದಾದರೆ ಯಾವ ಬ್ಯಾಂಕು ಅವರಿಗೆ ಸಾಲ ಕೊಡುತ್ತದೆ? ಬೀದರ್‌ನ ಸೋಯಾ, ಚಳ್ಳಕೆರೆಯ ಶೇಂಗಾ, ರಾಯಚೂರಿನ ಸೂರ್ಯಕಾಂತಿ ಬೆಳೆಯುವವರು ಮಿಷನ್‌ನ ಅಧಿಕಾರಿಗಳನ್ನು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಸುಂಕ ಎಷ್ಟು ವರ್ಷ ಕದಲದೆ ನಿಲ್ಲುತ್ತದೆ, ಮತ್ತು ಅರೆದ ಮೇಲೆ ಉಳಿಯುವ ಹಿಂಡಿಯನ್ನು ಯಾರು ಯಾವ ದರಕ್ಕೆ ಕೊಳ್ಳುತ್ತಾರೆ.